ಕಟ್ಟುವ ಮೊದಲು ಕೇಳುವ ಪ್ರಶ್ನೆಗಳು



ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೋ, ಹೆಗ್ಗಡದೇವನಕೋಟೆಯ ಒಳಹಳ್ಳಿಗಳ ಕಡೆಗೋ ಬಸ್ಸಿನಲ್ಲಿ ಹೋದರೆ ರಸ್ತೆಯ ಎರಡೂ ಬದಿಗೆ ಒಂದು ಬಗೆಯ ಕಟ್ಟಡ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ವಾಸದ ಮನೆಗಿಂತ ಎತ್ತರ, ಹೆಚ್ಚುಕಡಿಮೆ ಚೌಕ, ಕಿಟಕಿಗಳೇ ಇಲ್ಲ. ಪಕ್ಕದಲ್ಲಿ ಸೌದೆಯ ರಾಶಿ, ಗೋಡೆಯ ಬುಡದಲ್ಲಿ ಒಲೆಯ ಬಾಯಿ, ಹೊಗೆಕೊಳವೆಯಿಂದ ಹಗಲಿರುಳೂ ಏಳುವ ಹೊಗೆ. ಇದೇ ವರ್ಜೀನಿಯಾ ತಂಬಾಕನ್ನು ಹದಮಾಡುವ ಬ್ಯಾರನ್. ಈ ಮೂರು ತಾಲ್ಲೂಕುಗಳು ಮತ್ತು ಕೃಷ್ಣರಾಜನಗರದ ವಿದ್ಯಾರ್ಥಿಗಳಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಅನೇಕರು ಶಾಲೆಯಿಂದ ಬಂದ ಮೇಲೆ ಕಡ್ಡಿಗೆ ಎಲೆ ಕಟ್ಟಿದವರೇ ಆಗಿರಬಹುದು.

ಉತ್ಪನ್ನಗಳ ಅಭಿವೃದ್ಧಿಯಲ್ಲಿ ‘ವಿನ್ಯಾಸ ಪರಿಶೀಲನೆ’ ಎಂಬ ಒಂದು ಹಂತವಿದೆ. ಕೈಗಾರಿಕೆಗಳಲ್ಲಿ ಇದನ್ನು ಡಿಸೈನ್ ರಿವ್ಯೂ ಎಂದೇ ಕರೆಯುತ್ತಾರೆ. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇದಕ್ಕೆ ಅರ್ಧ ಪುಟದ ವಿವರಣೆ ಇರುತ್ತದೆ, ಓದಿದವರಿಗೆ ಅದು ಒಂದು ಕಚೇರಿ ಸಭೆಯಂತೆ ತೋರುತ್ತದೆ. ವಾಸ್ತವವಾಗಿ ಅದು ಏನು, ಏಕೆ ಬೇಕು ಎಂಬುದನ್ನು ತಿಳಿಯಲು ವಿಮಾನ ಕಾರ್ಖಾನೆಗೆ ಹೋಗಬೇಕಾಗಿಲ್ಲ. ಈ ಬ್ಯಾರನ್ನಿನ ಮುಂದೆ ನಿಂತರೂ ಸಾಕು.

ಮೊದಲು ಬ್ಯಾರನ್ ಮಾಡುವ ಕೆಲಸವನ್ನು ನೋಡೋಣ. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ಹೊಗೆಯು ನೆಲಮಟ್ಟದಲ್ಲಿ ಹಾಯಿಸಿರುವ ಕಬ್ಬಿಣದ ಕೊಳವೆಗಳ ಮೂಲಕ ಹಾದು ಹೊರಗೆ ಹೋಗುತ್ತದೆ. ಹೊಗೆ ಎಲೆಯನ್ನು ಮುಟ್ಟುವುದಿಲ್ಲ, ಕೊಳವೆಯ ಶಾಖ ಮಾತ್ರ ಮುಟ್ಟುತ್ತದೆ. ಆರಂಭದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ತೇವವನ್ನು ಒಳಗೇ ಉಳಿಸಿಕೊಂಡು ಎಲೆಯನ್ನು ಹಳದಿಯಾಗಿಸಬೇಕು. ಅನಂತರ ನಿಧಾನವಾಗಿ ಶಾಖ ಏರಿಸುತ್ತ, ಗಾಳಿಕಂಡಿಗಳನ್ನು ತೆರೆಯುತ್ತ ಎಲೆಯ ಹಾಳೆಯನ್ನು ಒಣಗಿಸಬೇಕು. ಕೊನೆಗೆ ಸುಮಾರು 70 ಡಿಗ್ರಿಯಲ್ಲಿ ನಡುನರ ಒಣಗಬೇಕು. ಇದಕ್ಕೆ ಐದಾರು ದಿನ ಹಿಡಿಯುತ್ತದೆ, ಅಷ್ಟೂ ರಾತ್ರಿ ಯಾರಾದರೊಬ್ಬರು ಒಲೆಯ ಬಳಿ ಎಚ್ಚರವಾಗಿರಬೇಕು.

ಟೆಲಿವಿಷನ್ನಿನ ಮಾತುಕತೆಯಲ್ಲಿ ಲೆಕ್ಕ ಹಾಕಿ ತೋರಿಸುವುದು ಕಷ್ಟ, ಆದ್ದರಿಂದ ಇಲ್ಲಿ ಮುದ್ರಿಸುತ್ತಿದ್ದೇನೆ. ನೀವೂ ಪೆನ್ಸಿಲ್ ಹಿಡಿಯಿರಿ. ಒಂದು ಕಿಲೋಗ್ರಾಂ ಹದವಾದ ಎಲೆ ಸಿಗಬೇಕಾದರೆ ಹಸಿ ಎಲೆಯಿಂದ ಸುಮಾರು 6 ಕಿಲೋಗ್ರಾಂ ನೀರು ಆವಿಯಾಗಿ ಹೋಗಬೇಕು. ಈ ಉಷ್ಣತೆಯಲ್ಲಿ ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಒಟ್ಟು 14,400 ಕಿಲೋಜೂಲ್ ಆಯಿತು. ಒಣಗಿದ ಒಂದು ಕಿಲೋಗ್ರಾಂ ಸೌದೆ ಉರಿದರೆ ಸುಮಾರು 15,000 ಕಿಲೋಜೂಲ್ ಶಾಖ ಬರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಸೇರುವುದಾದರೆ ಒಂದು ಕಿಲೋ ಎಲೆಗೆ ಒಂದು ಕಿಲೋ ಸೌದೆ ಸಾಕು. ಆದರೆ ಹಳೆಯ ಮಾದರಿಯ ಬ್ಯಾರನ್‌ಗಳಲ್ಲಿ ಉರಿಯುವುದು ನಾಲ್ಕೈದು ಕಿಲೋ, ಕೆಲವೆಡೆ ಇನ್ನೂ ಹೆಚ್ಚು. ಒಣಗಿಸುವ ಯಾವ ಕೋಣೆಯೂ ಈ ಆದರ್ಶ ಲೆಕ್ಕವನ್ನು ಮುಟ್ಟಲಾರದು, ಬಿಸಿಗಾಳಿಯನ್ನು ಹೊರಗೆ ಬಿಡಲೇಬೇಕಲ್ಲ. ಆದರೂ ಉಳಿದ ಮೂರು ನಾಲ್ಕು ಕಿಲೋ ಸೌದೆಯ ಶಾಖ ಛಾವಣಿಯಿಂದ, ಗೋಡೆಯ ಬಿರುಕಿನಿಂದ, ಅರೆಬರೆ ಉರಿದ ಹೊಗೆಯಿಂದ ಪೋಲಾಗುತ್ತಿದೆ ಎಂಬುದು ಸ್ಪಷ್ಟ. ನಾಗರಹೊಳೆಯ ಕಾಡಿನ ಅಂಚಿನಲ್ಲಿರುವ ತಾಲ್ಲೂಕುಗಳಲ್ಲಿ ಇದು ಸಣ್ಣ ಮಾತಲ್ಲ. ರೈತನ ಲೆಕ್ಕದಲ್ಲಿಯೂ ಸೌದೆಯ ಖರ್ಚು ದೊಡ್ಡ ಬಾಬು. ಈ ಕಾರಣದಿಂದಲೇ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಹುಣಸೂರಿನ ಕೇಂದ್ರವೂ ಬೇರೆ ಕೆಲವು ತಂತ್ರಜ್ಞಾನ ಸಂಸ್ಥೆಗಳೂ ಒಲೆಯ ಸುಧಾರಣೆ, ಛಾವಣಿಗೆ ಶಾಖನಿರೋಧಕ ಹೊದಿಕೆ ಮುಂತಾದ ಮಾರ್ಪಾಡುಗಳನ್ನು ರೈತರ ಮುಂದಿಟ್ಟವು.

ಈಗ ಒಂದು ಕಲ್ಪನೆ ಮಾಡಿಕೊಳ್ಳೋಣ. ನೀವು ಮೈಸೂರಿನ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಮುಗಿಸಿದ್ದೀರಿ. ಮೇಲಿನ ಲೆಕ್ಕ ಮಾಡಿ, ಅರ್ಧದಷ್ಟು ಸೌದೆಯಲ್ಲಿ ಕೆಲಸ ಮುಗಿಸುವ ಹೊಸ ಒಲೆಯೊಂದನ್ನು ವಿನ್ಯಾಸ ಮಾಡಿದ್ದೀರಿ. ಕೆಳಗೆ ಕಬ್ಬಿಣದ ಜಾಲರಿ, ಗಾಳಿ ಚೆನ್ನಾಗಿ ಒಳಬರುವ ದಾರಿ, ಚಿಕ್ಕದಾದ ಉರಿಕೋಣೆ, ಛಾವಣಿಯ ಕೆಳಗೆ ಒಂದು ಪದರ ಭತ್ತದ ಹುಲ್ಲು. ನಕ್ಷೆ ಅಂದವಾಗಿದೆ. ಲೆಕ್ಕದಲ್ಲಿ ತಪ್ಪಿಲ್ಲ. ನಾಳೆಯೇ ಇಟ್ಟಿಗೆ ತರಿಸಬಹುದೆ?

ಇಲ್ಲಿ ನಿಲ್ಲಬೇಕು. ವಿನ್ಯಾಸ ಪರಿಶೀಲನೆಯ ಜಾಗ ಇದೇ. ನಕ್ಷೆ ಮುಗಿದಿದೆ, ಕೆಲಸ ಆರಂಭವಾಗಿಲ್ಲ. ಇವೆರಡರ ನಡುವೆ, ವಿನ್ಯಾಸ ಮಾಡಿದವನಿಗೆ ಗೊತ್ತಿಲ್ಲದ ಸಂಗತಿಗಳನ್ನು ಬಲ್ಲವರು ನಕ್ಷೆಯ ಸುತ್ತ ಕುಳಿತು ಪ್ರಶ್ನೆ ಕೇಳುತ್ತಾರೆ. ಕೇಳಿದ್ದನ್ನು ಬರೆದಿಟ್ಟು ಪ್ರತಿಯೊಂದಕ್ಕೂ ಉತ್ತರ ದೊರೆಯುವವರೆಗೆ ಮುಂದಿನ ಹೆಜ್ಜೆ ಇಡುವುದಿಲ್ಲ. ಇದು ವಿನ್ಯಾಸಕನಿಗೆ ಅಂಕ ಕೊಡುವ ಪರೀಕ್ಷೆಯಲ್ಲ. ನಮ್ಮ ಶಾಲಾ ಕಾಲೇಜುಗಳಲ್ಲಿ ಪ್ರಶ್ನೆ ಎಂದರೆ ಪರೀಕ್ಷೆ ಎಂಬ ಅಭ್ಯಾಸ ಬೇರೂರಿರುವುದರಿಂದ ಈ ವ್ಯತ್ಯಾಸ ಬೇಗ ಮನಸ್ಸಿಗೆ ಇಳಿಯುವುದಿಲ್ಲ.

ಯಾರನ್ನು ಕರೆಯುತ್ತೀರಿ? ನಿಮ್ಮ ಪ್ರಾಧ್ಯಾಪಕರನ್ನು ಮಾತ್ರ ಕರೆದರೆ ಅವರು ನಿಮ್ಮ ಲೆಕ್ಕವನ್ನು ನೋಡಿ ಸರಿ ಎನ್ನುತ್ತಾರೆ, ಏಕೆಂದರೆ ಆ ಲೆಕ್ಕ ಕಲಿಸಿದವರು ಅವರೇ. ಇಪ್ಪತ್ತು ವರ್ಷ ತಂಬಾಕು ಬೇಯಿಸಿದ ರೈತ ಬರಲಿ. ರಾತ್ರಿ ಒಲೆಗೆ ಸೌದೆ ಹಾಕುವ ಕೂಲಿಯವರು ಬರಲಿ. ಇಟ್ಟಿಗೆ ಕಟ್ಟುವ ಮೇಸ್ತ್ರಿ, ಜಾಲರಿ ಮಾಡಿಕೊಡುವ ಕಮ್ಮಾರ ಬರಲಿ. ಹರಾಜು ಕಟ್ಟೆಯಲ್ಲಿ ಎಲೆಯ ದರ್ಜೆ ನೋಡುವುದನ್ನು ಬಲ್ಲವರೊಬ್ಬರಿರಲಿ, ಏಕೆಂದರೆ ಕರ್ನಾಟಕದಲ್ಲಿ 1984ರಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದಂದಿನಿಂದ ರೈತನ ಇಡೀ ವರ್ಷದ ದುಡಿಮೆಯ ಬೆಲೆ ನಿರ್ಧಾರವಾಗುವುದು ಆ ಕಟ್ಟೆಯ ಮೇಲೆ ಕಾಣುವ ಬಣ್ಣ ಮತ್ತು ಹದದಿಂದ.

ರೈತನ ಮೊದಲ ಪ್ರಶ್ನೆ ಹೀಗಿರಬಹುದು: ‘ಮೊದಲ ಒಂದೂವರೆ ದಿನ ಹಗುರವಾದ ಶಾಖ ಬೇಕು. ನಿಮ್ಮ ಒಲೆ ಅಷ್ಟು ಸಣ್ಣಗೆ ಉರಿಯುತ್ತದೆಯೆ?’ ನೀವು ಲೆಕ್ಕ ಮಾಡಿದ್ದು ಪೂರ್ಣ ಉರಿಗೆ. ಚೆನ್ನಾಗಿ ಗಾಳಿ ಎಳೆಯುವ ಒಲೆ ಸೌದೆಯನ್ನು ಬೇಗ ಉರಿಸಿಬಿಡುತ್ತದೆ. ಆರಂಭದಲ್ಲೇ ಶಾಖ ಏರಿದರೆ ಎಲೆ ಹಳದಿಯಾಗುವ ಮೊದಲೇ ಒಣಗಿ ಹಸಿರು ಬಣ್ಣ ಹಾಗೆಯೇ ನಿಲ್ಲುತ್ತದೆ, ಅಂಥ ಎಲೆಗೆ ಬೆಲೆಯಿಲ್ಲ. ಸೌದೆ ಉಳಿಯಿತು, ಬೆಳೆ ಹೋಯಿತು. ಪರಿಹಾರ ಕಷ್ಟದ್ದಲ್ಲ: ಗಾಳಿಯ ದಾರಿಗೆ ಮುಚ್ಚಿ ತೆರೆಯುವ ಒಂದು ತಗಡು, ಹೊಗೆಕೊಳವೆಗೆ ಒಂದು ತಡೆ. ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಮುಗಿಯಿತು.

ಸೌದೆ ಹಾಕುವವರು ಕೇಳುವುದು ಬಾಗಿಲಿನ ಅಳತೆ. ಚಿಕ್ಕ ಉರಿಕೋಣೆಗೆ ಚಿಕ್ಕ ತುಂಡುಗಳೇ ಬೇಕು. ಆಗಸ್ಟಿನ ಮಳೆಯಲ್ಲಿ ಅಷ್ಟೂ ಸೌದೆಯನ್ನು ಸೀಳುವವರು ಯಾರು? ಅದರ ಕೂಲಿ ಯಾವ ಲೆಕ್ಕದಲ್ಲಿದೆ? ಜಾಲರಿಯ ಕೆಳಗಿನ ಬೂದಿಯನ್ನು ನಡುರಾತ್ರಿ ತೆಗೆಯಬೇಕಾದರೆ ಬಗ್ಗಿ ಕೈಹಾಕಲು ಜಾಗವಿದೆಯೆ? ಕಮ್ಮಾರ ಕೇಳುತ್ತಾನೆ: ಈ ಜಾಲರಿ ಬಾಗಿಹೋದರೆ ಬದಲಿ ತುಂಡು ಹುಣಸೂರಿನಲ್ಲಿ ಸಿಗುತ್ತದೆಯೆ, ಅಥವಾ ನಾಲ್ಕನೆಯ ದಿನದ ಉರಿಯ ನಡುವೆ ಮೈಸೂರಿಗೆ ಓಡಬೇಕೆ? ಮೇಸ್ತ್ರಿಗೆ ಛಾವಣಿಯ ಕೆಳಗಿನ ಹುಲ್ಲು ಹಿಡಿಸುವುದಿಲ್ಲ. ಇಲಿ ಗೂಡು ಕಟ್ಟುತ್ತದೆ ಎಂಬುದು ಅವನ ಮೊದಲ ಮಾತು. ಬೆಂಕಿ ಎಂಬುದು ಎರಡನೆಯದು.

ಬೆಂಕಿಯ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಬ್ಯಾರನ್‌ಗೆ ಬೆಂಕಿ ಬಿದ್ದ ಸುದ್ದಿ ಪ್ರತಿ ಹಂಗಾಮಿನಲ್ಲೂ ಕೇಳಿಬರುತ್ತದೆ. ಸಾಮಾನ್ಯ ಕಾರಣವೆಂದರೆ ಒಣಗಿದ ಎಲೆಯೋ ಎಲೆ ಕಟ್ಟಿದ ಕಡ್ಡಿಯೋ ಜಾರಿ ಕಾದ ಕೊಳವೆಯ ಮೇಲೆ ಬೀಳುವುದು. ನಿಮ್ಮ ಹೊಸ ಒಲೆಯಲ್ಲಿ ಸೌದೆ ಪೂರ್ತಿಯಾಗಿ ಉರಿಯುತ್ತದೆ, ಉರಿಯ ಉಷ್ಣತೆ ಹೆಚ್ಚು. ಹಾಗಾದರೆ ಒಲೆಗೆ ಹತ್ತಿರದ ಕೊಳವೆಯ ಮೊದಲ ಭಾಗವೂ ಹಿಂದಿಗಿಂತ ಹೆಚ್ಚು ಕಾಯುತ್ತದೆ. ಹಳೆಯ ಒಲೆಯಲ್ಲಿ ಬರೀ ಕಪ್ಪಾಗುತ್ತಿದ್ದ ಎಲೆ ಇಲ್ಲಿ ಹೊತ್ತಿಕೊಳ್ಳಬಹುದು. ಮೇಲೆ ಒಣಹುಲ್ಲಿನ ಪದರ ಬೇರೆ ಇದೆ. ನೀವು ಉತ್ತಮಪಡಿಸಿದ ಗುಣವೇ ಹೊಸ ಅಪಾಯವನ್ನು ತಂದಿದೆ. ಇದು ವಿನ್ಯಾಸಕನಿಗೆ ತಾನಾಗಿ ಕಾಣುವುದು ಬಹಳ ಕಡಮೆ, ಏಕೆಂದರೆ ಅವನ ಕಣ್ಣು ಸೌದೆಯ ಉಳಿತಾಯದ ಮೇಲಿರುತ್ತದೆ. ಅವನು ದಡ್ಡನೆಂದು ಇದರ ಅರ್ಥವಲ್ಲ. ಒಂದು ಗುರಿಯನ್ನು ತಿಂಗಳುಗಟ್ಟಲೆ ದಿಟ್ಟಿಸಿದವನಿಗೆ ಅದರ ಬದಿಯಲ್ಲಿರುವುದು ಮಸುಕಾಗುತ್ತದೆ, ಅಷ್ಟೆ. ಹೊರಗಿನಿಂದ ಬಂದವರು ‘ಇದು ಹೆಚ್ಚು ಕಾಯುವುದಾದರೆ ಮತ್ತೇನು ಹೆಚ್ಚು ಕಾಯುತ್ತದೆ?’ ಎಂದು ಕೇಳಿದರೆ ಸಾಕು. ಮೊದಲ ಕೊಳವೆಯ ಮೇಲೆ ತಂತಿಯ ಬಲೆ, ಕೆಳಗಿನ ಅಂತಸ್ತಿಗೂ ಕೊಳವೆಗೂ ನಡುವೆ ಹೆಚ್ಚಿನ ಅಂತರ, ಹುಲ್ಲಿನ ಬದಲು ಉರಿಯದ ಹೊದಿಕೆ ಎಂಬ ಮೂರು ತಿದ್ದುಪಡಿಗಳು ಅಲ್ಲೇ ಹೊರಡುತ್ತವೆ.

ಇಷ್ಟೆಲ್ಲ ಬರೀ ಮಾತಾಗಿ ಉಳಿದರೆ ಪರಿಶೀಲನೆ ಆದಂತಲ್ಲ. ಒಳ್ಳೆಯ ಚಹಾ ಕುಡಿದು, ಹತ್ತು ಒಳ್ಳೆಯ ಸಲಹೆ ಹೇಳಿ ಎದ್ದುಹೋಗುವ ಸಭೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ ಕೊಡಬೇಕು. ಯಾರು ಉತ್ತರಿಸಬೇಕು, ಎಂದಿನೊಳಗೆ ಎಂಬುದನ್ನು ಬರೆಯಬೇಕು. ಉತ್ತರ ‘ನಕ್ಷೆ ತಿದ್ದಿದೆ’ ಎಂದಾಗಬಹುದು, ‘ತಿದ್ದುವ ಅಗತ್ಯವಿಲ್ಲ, ಕಾರಣ ಇದು’ ಎಂದೂ ಆಗಬಹುದು. ಮೌನ ಮಾತ್ರ ಉತ್ತರವಲ್ಲ. ಗುಣಮಟ್ಟ ವ್ಯವಸ್ಥೆಗಳ ಅಂತಾರಾಷ್ಟ್ರೀಯ ಮಾನಕ ಐಎಸ್ಒ 9001 ಮೊದಲು ಪ್ರಕಟವಾದದ್ದು 1987ರಲ್ಲಿ. ಅದರ 1994ರ ಆವೃತ್ತಿಯು ವಿನ್ಯಾಸದ ನಿಗದಿತ ಹಂತಗಳಲ್ಲಿ ಇಂಥ ಪರಿಶೀಲನೆ ನಡೆಯಬೇಕು, ಆ ಹಂತಕ್ಕೆ ಸಂಬಂಧಪಟ್ಟ ಎಲ್ಲ ವಿಭಾಗಗಳವರೂ ಅದರಲ್ಲಿರಬೇಕು, ದಾಖಲೆ ಉಳಿಯಬೇಕು ಎಂದು ವಿಧಿಸಿತು. ನಮ್ಮ ಅನೇಕ ಕಾರ್ಖಾನೆಗಳಿಗೆ ಈ ಶಿಸ್ತು ಬಂದದ್ದು ಆ ಪ್ರಮಾಣಪತ್ರದ ಆಸೆಯಿಂದ ಎಂಬುದನ್ನೂ ಒಪ್ಪಿಕೊಳ್ಳೋಣ.

ಪರಿಶೀಲನೆ ಒಂದೇ ಸಲ ಮುಗಿಯುವುದೂ ಅಲ್ಲ. ಏನು ಬೇಕು ಎಂಬುದನ್ನು ಬರೆದಾಗ ಒಂದು ಸಲ, ಒರಟು ನಕ್ಷೆಯಾದಾಗ ಮತ್ತೊಂದು ಸಲ, ವಿವರದ ನಕ್ಷೆ ಮುಗಿದು ಹಣ ಸುರಿಯುವ ಮುನ್ನ ಮಗದೊಂದು ಸಲ ನಡೆಯುತ್ತದೆ. ತಡವಾದಷ್ಟೂ ತಿದ್ದುವ ವೆಚ್ಚ ಹೆಚ್ಚು. ಹಂತಕ್ಕೆ ಹತ್ತುಪಟ್ಟು ಎಂದು ಕೆಲವು ಪುಸ್ತಕಗಳು ಬರೆಯುತ್ತವೆ. ಅಷ್ಟು ದುಂಡಾದ ಅಂಕಿಯನ್ನು ನಾನು ನಂಬುವುದಿಲ್ಲ. ಆದರೆ ಗಾಳಿತಡೆಯ ತಗಡನ್ನು ನಕ್ಷೆಯಲ್ಲಿ ಸೇರಿಸಲು ರಬ್ಬರು ಸಾಕು, ಕಟ್ಟಿದ ಮೇಲೆ ಸೇರಿಸಲು ಇಟ್ಟಿಗೆ ಒಡೆಯಬೇಕು, ಹಂಗಾಮಿನ ನಡುವೆ ಗೊತ್ತಾದರೆ ಒಂದು ಬ್ಯಾರನ್ ತುಂಬ ಎಲೆಯೇ ಹೋಗುತ್ತದೆ. ಅದಕ್ಕೆ ಅಂಕಿ ಬೇಕಾಗಿಲ್ಲ.

ಮೊದಲ ಹಂತದ ಪರಿಶೀಲನೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಈ ಬ್ಯಾರನ್ನಿನ ವಿಷಯದಲ್ಲಿ ಮುಜುಗರದ್ದು. ಒಲೆ ಸುಧಾರಿಸುವುದಿರಲಿ, ಈ ಬೆಳೆ ಎಷ್ಟು ಕಾಲ ಇರುತ್ತದೆ? ತಂಬಾಕು ಆರೋಗ್ಯಕ್ಕೆ ಮಾರಕ ಎಂಬುದರಲ್ಲಿ ಸಂಶಯವಿಲ್ಲ. ಬಳಕೆಯನ್ನು ತಗ್ಗಿಸುವ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದೆ. ಹತ್ತಾರು ವರ್ಷ ಬಾಳುವ ಕಟ್ಟಡಕ್ಕೆ ಸಾಲ ಮಾಡುವ ರೈತನಿಗೆ ಈ ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ಒಲೆಯ ಪರಿಶೀಲನೆಗೆ ಕುಳಿತವರು ಬೆಳೆಯ ನೀತಿಯನ್ನು ನಿರ್ಧರಿಸಲಾರರು. ಆದರೆ ಇದೇ ಕೋಣೆಯಲ್ಲಿ ಕೊಬ್ಬರಿಯನ್ನೋ ಮೆಣಸಿನಕಾಯಿಯನ್ನೋ ಅರಿಶಿನವನ್ನೋ ಒಣಗಿಸಲು ಬರುವಂತೆ ಅಂತಸ್ತುಗಳನ್ನು ಬಿಚ್ಚಿ ಜೋಡಿಸುವ ಹಾಗೆ ಮಾಡಬಹುದೆ ಎಂದು ಕೇಳಲು ಅಡ್ಡಿಯಿಲ್ಲ.

ಇನ್ನೊಂದು ವ್ಯತ್ಯಾಸವನ್ನು ನೀವು ತಿಳಿದಿರಬೇಕು. ಹೇಳಿದ ಹಾಗೆ ಮಾಡಿದ್ದೇವೆಯೆ ಎಂಬುದು ಒಂದು ಪ್ರಶ್ನೆ, ಬೇಕಾದದ್ದನ್ನೇ ಮಾಡಿದ್ದೇವೆಯೆ ಎಂಬುದು ಇನ್ನೊಂದು. ಭಾರತ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಲಕ್ಷಾಂತರ ಹೊಗೆರಹಿತ ಒಲೆಗಳು ಕಟ್ಟಲ್ಪಟ್ಟವು. ಪ್ರಯೋಗಾಲಯದಲ್ಲಿ ಅವು ಸೌದೆ ಉಳಿಸಿ ತೋರಿಸಿದ್ದವು. ಆದರೆ ದೇಶದ ಅನೇಕ ಕಡೆ ಕೆಲವೇ ವರ್ಷಗಳಲ್ಲಿ ಅವು ಮೂಲೆಗೆ ಬಿದ್ದವು. ಕೊಳವೆ ಕಟ್ಟಿಕೊಂಡಿತು, ದುರಸ್ತಿಗೆ ಜನ ಸಿಗಲಿಲ್ಲ, ಮನೆಯ ಪಾತ್ರೆಗೆ ಒಲೆಯ ಬಾಯಿ ಹೊಂದಲಿಲ್ಲ. ಅಡುಗೆ ಮಾಡುವ ಹೆಂಗಸನ್ನು ನಕ್ಷೆಯ ಹಂತದಲ್ಲೇ ಕರೆದಿದ್ದರೆ ಪಾತ್ರೆಯ ಅಳತೆಯನ್ನಾದರೂ ಹೇಳುತ್ತಿದ್ದಳು.

ಬ್ಯಾರನ್ನಿನಲ್ಲಿ ಕೇಳಿದ ಇದೇ ಪ್ರಶ್ನೆಗಳನ್ನು ರಾಕೆಟ್ಟಿನ ಮುಂದೆಯೂ ಕೇಳುತ್ತಾರೆ. ಪ್ರಶ್ನೆಗಳ ಸಂಖ್ಯೆ ಹೆಚ್ಚು, ಸ್ವರೂಪ ಅದೇ. ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋದ ಎಎಸ್ಎಲ್‌ವಿ ವಾಹನದ ಕಥೆ ಇದಕ್ಕೆ ತಕ್ಕ ಉದಾಹರಣೆ. 1987ರ ಮಾರ್ಚ್ 24ರಂದು ಶ್ರೀಹರಿಕೋಟಾದಿಂದ ಹೊರಟ ಮೊದಲ ಎಎಸ್ಎಲ್‌ವಿಯಲ್ಲಿ ಪಕ್ಕದ ಎರಡು ರಾಕೆಟ್‌ಗಳು ಉರಿದು ಮುಗಿದ ಮೇಲೆ ನಡುವಿನ ಮೊದಲ ಹಂತ ಹೊತ್ತಿಕೊಳ್ಳಲೇ ಇಲ್ಲ. ತನಿಖೆ ನಡೆದು ತಿದ್ದುಪಡಿಗಳಾದವು. 1988ರ ಜುಲೈ 13ರಂದು ಎರಡನೆಯದನ್ನು ಹಾರಿಸಿದರು. ಈ ಸಲ ನಡುವಿನ ಹಂತ ಹೊತ್ತಿಕೊಂಡಿತು, ಆದರೆ ವಾಹನ ಹಿಡಿತ ತಪ್ಪಿ ನಾಶವಾಯಿತು. ಮೊದಲ ಸೋಲಿನ ಕಾರಣವನ್ನು ತಿದ್ದಿದ ಮಾತ್ರಕ್ಕೆ ವಿನ್ಯಾಸ ಸರಿಯಾಗಿರಲಿಲ್ಲ.

ಆಗ ಸಂಸ್ಥೆ ತನ್ನದೇ ವೈಫಲ್ಯ ವಿಶ್ಲೇಷಣಾ ಸಮಿತಿಯ ಜೊತೆಗೆ ಹೊರಗಿನ ತಜ್ಞರ ಪರಿಶೀಲನಾ ಮಂಡಳಿಯನ್ನೂ ನೇಮಿಸಿತು. ಅದರ ಅಧ್ಯಕ್ಷರು ಬೆಂಗಳೂರಿನ ವಾಯುಬಲ ವಿಜ್ಞಾನಿ ಪ್ರೊಫೆಸರ್ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ ಇವರು. ಮುಖ್ಯವಾಗಿ ಕಂಡುಬಂದದ್ದು ಇದು: ಪಕ್ಕದ ರಾಕೆಟ್‌ಗಳ ಉರಿ ಮುಗಿಯುವುದಕ್ಕೂ ನಡುವಿನ ಹಂತದ ಉರಿ ಏರುವುದಕ್ಕೂ ನಡುವಣ ಕ್ಷಣಗಳಲ್ಲಿ, ಗಾಳಿಯ ಒತ್ತಡ ಅತಿ ಹೆಚ್ಚಾಗಿರುವ ಎತ್ತರದಲ್ಲಿ, ವಾಹನವನ್ನು ನೇರ ಹಿಡಿಯುವ ಬಲ ಸಾಲದಾಗಿತ್ತು. ಒಂದೊಂದು ಹಂತವೂ ಪ್ರತ್ಯೇಕವಾಗಿ ಸರಿಯಿತ್ತು, ಅವುಗಳ ನಡುವಿನ ಸಂಧಿ ದುರ್ಬಲವಾಗಿತ್ತು. ಬುಡಕ್ಕೆ ರೆಕ್ಕೆಗಳನ್ನು ಸೇರಿಸಿದರು. ನಡುವಿನ ಹಂತವನ್ನು ಗಡಿಯಾರದ ಲೆಕ್ಕದಿಂದ ಹೊತ್ತಿಸದೆ, ಪಕ್ಕದ ರಾಕೆಟ್‌ಗಳ ನೂಕುಬಲ ನಿಜವಾಗಿ ಕುಸಿಯುವುದನ್ನು ಅಳೆದು ಹೊತ್ತಿಸುವ ಏರ್ಪಾಡಾಯಿತು. 1992ರ ಮೇ 20ರಂದು ಮೂರನೆಯ ಎಎಸ್ಎಲ್‌ವಿ ಉಪಗ್ರಹವೊಂದನ್ನು ಕಕ್ಷೆಗೆ ಸೇರಿಸಿತು, ಕಕ್ಷೆ ಯೋಜಿಸಿದ್ದಕ್ಕಿಂತ ತಗ್ಗಿನಲ್ಲಿದ್ದರೂ. 1994ರ ಮೇ 4ರ ನಾಲ್ಕನೆಯ ಹಾರಾಟ ಇನ್ನೂ ಚೆನ್ನಾಗಿ ನಡೆಯಿತು.

ಪರಿಶೀಲನೆ ಮಾಡಿದರೆ ಸೋಲೇ ಇಲ್ಲ ಎಂದು ಇದರಿಂದ ತಿಳಿಯಬೇಡಿ. ಇಷ್ಟು ಪಾಠ ಕಲಿತ ಮೇಲೂ 1993ರ ಸೆಪ್ಟೆಂಬರ್ 20ರ ಮೊದಲ ಪಿಎಸ್ಎಲ್‌ವಿ ಹಾರಾಟ ವಿಫಲವಾಯಿತು. ನಿಯಂತ್ರಣದ ಕಂಪ್ಯೂಟರ್ ಕ್ರಮವಿಧಿಯ ಒಂದು ದೋಷ ಎಲ್ಲರ ಕಣ್ಣಿನಿಂದಲೂ ಜಾರಿಕೊಂಡಿತ್ತು. ಮುಂದಿನ ವರ್ಷ ಅಕ್ಟೋಬರ್ 15ರಂದು ಎರಡನೆಯ ಪಿಎಸ್ಎಲ್‌ವಿ ಯಶಸ್ವಿಯಾಯಿತು.

ಪ್ರಶ್ನೆ ಕೇಳುವವರಿದ್ದೂ ಕೇಳಿಸಿಕೊಳ್ಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚಾಲೆಂಜರ್ ನೌಕೆಯೇ ಸಾಕ್ಷಿ. 1986ರ ಜನವರಿ 27ರ ರಾತ್ರಿ, ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ, ಅಷ್ಟು ಚಳಿಯಲ್ಲಿ ಸಂಧಿಗಳ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಲಾರವು, ಹಾರಿಸಬೇಡಿ ಎಂದರು. ಅವರ ವ್ಯವಸ್ಥಾಪಕರೇ ಕೊನೆಗೆ ಅವರ ಮಾತನ್ನು ಬದಿಗಿಟ್ಟರು. ಸುರಕ್ಷಿತ ಎಂದು ತೋರಿಸಿ ಎಂದು ಕೇಳಬೇಕಾದ ಜಾಗದಲ್ಲಿ ಅಪಾಯ ಎಂದು ಸಾಧಿಸಿ ತೋರಿಸಿ ಎಂದು ಕೇಳಲಾಯಿತು. ಮರುದಿನ ಬೆಳಗ್ಗೆ ಹಾರಿದ 73 ಸೆಕೆಂಡುಗಳಲ್ಲಿ ನೌಕೆ ಒಡೆದು ಏಳು ಮಂದಿ ಸತ್ತರು.

ನಿಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಸೌರಶಾಖದ ಒಣಗುಪೆಟ್ಟಿಗೆಯನ್ನೋ ನೀರೆತ್ತುವ ಮಾದರಿಯನ್ನೋ ಮಾಡುವಾಗ ಇದನ್ನು ನೀವೇ ಪ್ರಯೋಗಿಸಿ ನೋಡಬಹುದು. ಹದಿನೈದು ದಿನ ಮುಂಚೆ, ರಟ್ಟು ಕತ್ತರಿಸುವ ಮೊದಲು, ನಕ್ಷೆಯನ್ನು ಗೋಡೆಗೆ ಅಂಟಿಸಿ. ವಿಜ್ಞಾನದ ಉಪಾಧ್ಯಾಯರ ಜೊತೆಗೆ, ಆ ಕೆಲಸವನ್ನು ನಿತ್ಯ ಮಾಡುವ ಮನೆಯವರೊಬ್ಬರನ್ನೂ ನಿಮ್ಮ ತಂಡಕ್ಕೆ ಸೇರದ ಒಬ್ಬ ಸಹಪಾಠಿಯನ್ನೂ ಕರೆಯಿರಿ. ಹತ್ತು ನಿಮಿಷ ನೀವು ವಿವರಿಸಿ, ಅನಂತರ ಅರ್ಧ ಗಂಟೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಿ. ಅದು ಕಷ್ಟ, ನಕ್ಷೆಯ ಪರವಾಗಿ ವಾದ ಮಾಡಬೇಕೆನ್ನಿಸುತ್ತದೆ. ಪರಿಹಾರವನ್ನು ಅಲ್ಲೇ ಹುಡುಕಲು ಹೊರಡಬೇಡಿ, ಅರ್ಧ ಗಂಟೆ ಅದರಲ್ಲೇ ಮುಗಿದುಹೋಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆದು ಪ್ರಶ್ನೆ, ಕೇಳಿದವರು, ಉತ್ತರಿಸಬೇಕಾದವರು, ಏನಾಯಿತು ಎಂದು ಬರೆಯಿರಿ. ಪ್ರದರ್ಶನದ ದಿನ ಮಾದರಿಯ ಪಕ್ಕದಲ್ಲಿ ಆ ನೋಟ್‌ಬುಕ್ಕನ್ನೂ ಇಡಿ. ನಾಲ್ಕನೆಯ ಅಂಕಣದಲ್ಲಿ ಖಾಲಿ ಉಳಿದ ಸಾಲುಗಳಿದ್ದರೆ ಅವನ್ನು ಹರಿದುಹಾಕದೆ ಹಾಗೆಯೇ ತೋರಿಸಿ.